ತೀರ್ಪು ಕೊಡದ ನ್ಯಾಯಾಧೀಶ

ನ್ಯಾಯಾಧೀಶರೆಂದರೆ ನಮ್ಮಲ್ಲಿ ನೇಮಕವಾಗಿ ಬರುವವರು, ವರ್ಗವಾಗಿ ಹೋಗುವವರು. ಅವರು ಕೈಮುಗಿದುಕೊಂಡು ಓಟು ಕೇಳಲು ಮನೆ ಬಾಗಿಲಿಗೆ ಬಂದದ್ದನ್ನು ನಾವು ಯಾರೂ ಕಂಡವರಲ್ಲ. ಅಮೆರಿಕದ ಮಿಸೌರಿ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ 1922ರಲ್ಲಿ ಒಬ್ಬಾತ ಹಾಗೆ ಬಂದ. ಕಾನೂನು ಓದಿದವನಲ್ಲ, ಕಾಲೇಜಿನ ಪದವಿಯೂ ಇರಲಿಲ್ಲ. ಹೆಸರು ಹ್ಯಾರಿ ಟ್ರೂಮನ್. ಹಿರೋಶಿಮಾದ ಮಾತು ಬಂದಾಗಲೆಲ್ಲ ನಾವು ಕೇಳುವ ಅಧ್ಯಕ್ಷ ಟ್ರೂಮನ್ ಈತನೇ.

ಆ ರಾಜ್ಯದ ಕೌಂಟಿ ಕೋರ್ಟು ಹೆಸರಿಗೆ ಮಾತ್ರ ಕೋರ್ಟು. ಅಲ್ಲಿ ವಾದವೂ ಇಲ್ಲ, ತೀರ್ಪೂ ಇಲ್ಲ. ರಸ್ತೆ, ಸೇತುವೆ, ಅನಾಥರ ಮತ್ತು ವೃದ್ಧರ ಆಶ್ರಮ, ತೆರಿಗೆಯ ಲೆಕ್ಕ ಇವೇ ಅದರ ಕೆಲಸ. ನಮ್ಮ ಹಿರಿಯರು ಕಂಡ ಡಿಸ್ಟ್ರಿಕ್ಟ್ ಬೋರ್ಡನ್ನು ನೆನೆದರೆ ಸಾಕು. ಮೂವರು ‘ಜಡ್ಜ್’ಗಳು: ಕಾನ್ಸಾಸ್ ಸಿಟಿ ನಗರಕ್ಕೊಬ್ಬ, ಪೂರ್ವದ ಹಳ್ಳಿಗಳಿಗೊಬ್ಬ, ಇಡೀ ಕೌಂಟಿ ಆರಿಸುವ ಅಧ್ಯಕ್ಷನೊಬ್ಬ. ಈಗ ಮಿಸೌರಿಯ ಬಹುತೇಕ ಕೌಂಟಿಗಳಲ್ಲಿ ಇವರನ್ನು ಕಮಿಷನರ್ ಎನ್ನುತ್ತಾರೆ. ಅದೇ ಸರಿಯಾದ ಹೆಸರು ಎಂದು ನಮಗೂ ತೋರುತ್ತದೆ.

ಟ್ರೂಮನ್ ಮೊದಲು ರೈತ, ಆಮೇಲೆ ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಕ್ಯಾಪ್ಟನ್. ಯುದ್ಧ ಮುಗಿದ ಮೇಲೆ ಗೆಳೆಯನೊಡನೆ ಷರಟು, ಟೈ ಮಾರುವ ಅಂಗಡಿ ತೆರೆದ. 1922ರಲ್ಲಿ ಅಂಗಡಿ ಮುಳುಗಿತು. ಸಾಲ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಆಗಲೇ ಪೆಂಡರ್‌ಗಾಸ್ಟ್ ಮನೆತನದ ಕರೆ ಬಂದದ್ದು. ಟಾಮ್ ಪೆಂಡರ್‌ಗಾಸ್ಟ್ ಕಾನ್ಸಾಸ್ ಸಿಟಿಯ ಡೆಮಾಕ್ರಟಿಕ್ ಪಕ್ಷದ ಧಣಿ. ಆತನ ಅಣ್ಣನ ಮಗ ಸೈನ್ಯದಲ್ಲಿ ಟ್ರೂಮನ್‌ಗೆ ಸ್ನೇಹಿತನಾಗಿದ್ದ. ಪಕ್ಷದ ಒಳಚುನಾವಣೆಯಲ್ಲಿ ಐವರು ನಿಂತರು. ಟ್ರೂಮನ್ ಗೆದ್ದದ್ದು 300ಕ್ಕಿಂತಲೂ ಕಡಿಮೆ ಓಟುಗಳಿಂದ. ಪೂರ್ವ ಭಾಗದ ಜಡ್ಜ್ ಆದ.

ಪಕ್ಷದೊಳಗೆ ಎರಡು ಬಣಗಳು. ಪೆಂಡರ್‌ಗಾಸ್ಟ್ ಕಡೆಯವರಿಗೆ ‘ಆಡುಗಳು’, ಎದುರಿನವರಿಗೆ ‘ಮೊಲಗಳು’ ಎಂದು ಹೆಸರು! ಕೌಂಟಿಯ ನೌಕರಿಗಳೆಲ್ಲ ಆಡುಗಳ ಪಾಲಾದವು. ಸಿಟ್ಟಾದ ಮೊಲಗಳು 1924ರಲ್ಲಿ ಕೈಕೊಟ್ಟವು. ಕರಿಯರನ್ನೂ ಯಹೂದ್ಯರನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಕೂಡ ಟ್ರೂಮನ್ ವಿರುದ್ಧ ನಿಂತಿತು. 867 ಓಟುಗಳಿಂದ ಸೋತ. ಮಗಳು ಹುಟ್ಟಿ ವರ್ಷ ತುಂಬಿರಲಿಲ್ಲ. ಆತನ ಜೀವಮಾನದಲ್ಲಿ ಚುನಾವಣೆಯಲ್ಲಿ ಸೋತದ್ದು ಅದೊಂದೇ ಸಲ. ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಕಾನೂನು ಓದಿ ಮಧ್ಯದಲ್ಲೇ ಬಿಟ್ಟ. ಹೊಟ್ಟೆಪಾಡಿಗೆ ಮೋಟಾರು ಕ್ಲಬ್ಬಿನ ಸದಸ್ಯತ್ವ ಮಾರುತ್ತ ತಿರುಗಿದ.

1926ರಲ್ಲಿ ಬಣಗಳು ರಾಜಿಯಾದವು. ಟ್ರೂಮನ್ ಅಧ್ಯಕ್ಷ ಜಡ್ಜ್ ಆಗಿ ಆರಿಸಿಬಂದ. 1930ರಲ್ಲಿ ಮತ್ತೆ ಇನ್ನೂ ದೊಡ್ಡ ಅಂತರದಿಂದ ಗೆದ್ದ. ಕೌಂಟಿಯ ರಸ್ತೆಗಳು ಆಗ ಮಳೆ ಬಂದರೆ ಕೆಸರು. ಇಬ್ಬರು ಇಂಜಿನಿಯರುಗಳಿಂದ ಸರ್ವೆ ಮಾಡಿಸಿ, ಕಾಂಕ್ರೀಟ್ ರಸ್ತೆಗಳಿಗಾಗಿ 65 ಲಕ್ಷ ಡಾಲರ್ ಸಾಲ ಎತ್ತಲು ಜನರ ಒಪ್ಪಿಗೆ ಕೇಳಿದ. ಕಾಂಕ್ರೀಟ್ ಕಂಪೆನಿ ಸ್ವತಃ ಧಣಿಯದೇ! ಹಣ ಎಲ್ಲಿಗೆ ಹೋಗುತ್ತದೆಂದು ಜನ ಗುಮಾನಿಪಡುವುದು ಸಹಜವಷ್ಟೇ. ಅತಿ ಕಡಿಮೆ ಬೆಲೆ ಹೇಳಿದವರಿಗೇ ಕಂಟ್ರಾಕ್ಟು ಎಂದು ಟ್ರೂಮನ್ ಮಾತು ಕೊಟ್ಟ. 1928ರ ಮೇ ತಿಂಗಳಲ್ಲಿ ಜನ ಒಪ್ಪಿದರು. ಧಣಿಯ ಕಂಟ್ರಾಕ್ಟರುಗಳು ಒತ್ತಾಯಕ್ಕೆ ಬಂದಾಗ ಟ್ರೂಮನ್ ಜಗ್ಗಲಿಲ್ಲ. ಧಣಿಯೂ ಅವರನ್ನು ಹೊರಗೆ ಕಳುಹಿಸಿ, ಟ್ರೂಮನ್ ತನಗೆ ತೋಚಿದಂತೆ ಮಾಡಲು ಬಿಟ್ಟನಂತೆ.

ಆದರೆ ಕತೆ ಇಷ್ಟು ಶುಭ್ರವಾಗಿಲ್ಲ. ಆ ವರ್ಷಗಳಲ್ಲಿ ಆತ ಕಾನ್ಸಾಸ್ ಸಿಟಿಯ ಪಿಕ್‌ವಿಕ್ ಹೋಟೆಲಿನಲ್ಲಿ ಒಬ್ಬನೇ ಕುಳಿತು, ಆ ಹೋಟೆಲಿನ ಕಾಗದದ ಮೇಲೆ ತನಗಾಗಿ ಬರೆದುಕೊಂಡ ಟಿಪ್ಪಣಿಗಳು ಉಳಿದಿವೆ. ಧಣಿಯ ಸ್ನೇಹಿತನೊಬ್ಬ ಕೌಂಟಿಯ ಬೊಕ್ಕಸದಿಂದ ಸುಮಾರು 10,000 ಡಾಲರ್ ನುಂಗುವುದನ್ನು ಕಂಡೂ ತಾನು ಬಿಡಬೇಕಾಯಿತೆಂದೂ, ಬಿಡದಿದ್ದರೆ ರಸ್ತೆಯ ಸಾಲದ ಹಣದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಳ್ಳರ ಪಾಲಾಗುತ್ತಿತ್ತೆಂದೂ ಅಲ್ಲಿ ಬರೆದಿದ್ದಾನೆ. ತಾನು ಮಾಡಿದ್ದು ಸರಿಯೋ, ಅಪರಾಧದಲ್ಲಿ ಪಾಲುಗಾರನಾದೆನೋ ಎಂದು ತನ್ನನ್ನೇ ಕೇಳಿಕೊಂಡಿದ್ದಾನೆ. ಗೊತ್ತಿಲ್ಲ ಎಂದಷ್ಟೇ ಉತ್ತರ ಬರೆದಿದ್ದಾನೆ. ಆತನನ್ನು ಸಂತನೆಂದು ಹೊಗಳುವವರೂ ಧಣಿಯ ಆಳೆಂದು ಬೈಯುವವರೂ ಈ ಕಾಗದಗಳನ್ನು ಓದಬೇಕು. ತೀರ್ಪು ಕೊಡದ ಜಡ್ಜ್ ವಿಚಾರಣೆ ನಡೆಸಿದ್ದು ಇಲ್ಲಿ ಮಾತ್ರ, ಕಟಕಟೆಯಲ್ಲಿದ್ದವನೂ ತಾನೇ.

1934ರಲ್ಲಿ ಪೆಂಡರ್‌ಗಾಸ್ಟನ ಬೆಂಬಲದಿಂದಲೇ ಟ್ರೂಮನ್ ಸೆನೆಟ್‌ಗೆ ಹೋದ. ಧಣಿ 1939ರಲ್ಲಿ ಆದಾಯ ತೆರಿಗೆ ವಂಚನೆಗಾಗಿ ಜೈಲು ಸೇರಿದ. 1945ರ ಜನವರಿಯಲ್ಲಿ ಆತ ಸತ್ತಾಗ ಟ್ರೂಮನ್ ದೇಶದ ಉಪಾಧ್ಯಕ್ಷನಾಗಿ ವಾರವಾಗಿತ್ತಷ್ಟೆ. ಟೀಕೆಗೆ ಅಂಜದೆ ಅಂತ್ಯಸಂಸ್ಕಾರಕ್ಕೆ ಹೋಗಿಬಂದ.

ಇನ್ನೊಂದು ಸಂಗತಿ ಹೇಳದೆ ಬಿಡಲಾಗದು. ಆ ಹೊಸ ರಸ್ತೆಗಳಲ್ಲೊಂದು ಗ್ರಾಂಡ್‌ವ್ಯೂ ಊರಿನಲ್ಲಿದ್ದ ಟ್ರೂಮನ್ ಮನೆಯವರ ಹೊಲವನ್ನೇ ಸೀಳಿಕೊಂಡು ಹೋಯಿತು. ಬೇರೆಯವರಿಗಾದರೆ ಪರಿಹಾರ ಸಿಗುತ್ತಿತ್ತು. ಮಗನೇ ಜಡ್ಜ್ ಆಗಿದ್ದರಿಂದ ತಾಯಿಗೆ ಸಿಗಲಿಲ್ಲ. 1940ರಲ್ಲಿ, ಆತ ಸೆನೆಟರ್ ಆಗಿದ್ದಾಗ, ಅಡವಿಟ್ಟಿದ್ದ ಆ ಹೊಲವನ್ನು ಅದೇ ಕೌಂಟಿ ಸಾಲಕ್ಕಾಗಿ ಹರಾಜು ಹಾಕಿತು. 87 ವರ್ಷದ ತಾಯಿ ಊರೊಳಗಿನ ಪುಟ್ಟ ಮನೆಗೆ ಹೋದಳು. ಪರಿಚಯವಿಲ್ಲದ ಆ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.