ಹಳೆಯ ದರದ ಹಠ: ಲಂಡನ್, 1809

1808ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾದ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರವು ವರ್ಷದೊಳಗೆ ಮತ್ತೆ ತಲೆಯೆತ್ತಿತಾದರೂ, ಕಟ್ಟಡದ ವೆಚ್ಚ ತುಂಬಿಕೊಳ್ಳಲು ವ್ಯವಸ್ಥಾಪಕ ಜಾನ್ ಫಿಲಿಪ್ ಕೆಂಬಲ್ ಬಾಕ್ಸಿನ ದರವನ್ನು 6ರಿಂದ 7 ಶಿಲ್ಲಿಂಗಿಗೂ, ‘ಪಿಟ್’ ಎನ್ನಲಾಗುತ್ತಿದ್ದ ವೇದಿಕೆಯ ಮುಂದಿನ ನೆಲಮಟ್ಟದ ಬೆಂಚುಗಳ ದರವನ್ನು ಮೂರೂವರೆಯಿಂದ 4 ಶಿಲ್ಲಿಂಗಿಗೂ ಏರಿಸಿದುದು ಪ್ರೇಕ್ಷಕರನ್ನು ಕೆರಳಿಸಿತು. ದರಕ್ಕಿಂತ ಆಳವಾಗಿ ನಾಟಿದ್ದು ಜಾಗದ ಹಂಚಿಕೆಯಲ್ಲಿನ ಅನ್ಯಾಯ: ಮೂರನೆಯ ಅಂತಸ್ತು ಶ್ರೀಮಂತರು ವರ್ಷದ ಬಾಡಿಗೆಗೆ ಹಿಡಿಯುವ ಖಾಸಗಿ ಬಾಕ್ಸುಗಳಾಗಿ ಮಾರ್ಪಟ್ಟಿತ್ತು, ಚಾವಣಿಯಡಿಯ ಕಮಾನುಗಳೊಳಗೆ ತಳ್ಳಲ್ಪಟ್ಟ ಬಡ ಪ್ರೇಕ್ಷಕನಿಗೆ ನಟರ ಕಾಲುಗಳಷ್ಟೇ ಕಾಣುತ್ತಿದ್ದವು. ಇಟಲಿಯ ಗಾಯಕಿ ಆಂಜೆಲಿಕಾ ಕಟಲಾನಿಗೆ ಗೊತ್ತುಪಡಿಸಿದ್ದ ಭಾರಿ ಸಂಭಾವನೆಯೂ ಉರಿಯುವ ಬೆಂಕಿಗೆ ತುಪ್ಪ ಸುರಿಯಿತು.

ಸುಮಾರು ಮೂರು ತಿಂಗಳ ಕಾಲ ಜನರು ಟೋಪಿಗಳ ಮೇಲೆ ‘ಓ.ಪಿ.’, ಎಂದರೆ ‘ಹಳೆಯ ದರ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಧರಿಸಿ, ಗಂಟೆ, ಗಿಲಕಿ, ಕಹಳೆಗಳ ಸದ್ದಿನೊಡನೆ ತಾಳಬದ್ಧವಾಗಿ ಕಾಲು ಬಡಿದು, ನಟರ ಮಾತು ಕೇಳಿಸದಂತೆ ಮಾಡಿದರು. ಇದನ್ನು ಪುಂಡಾಟಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಚಳಿಗಾಲದಲ್ಲಿ ಮಾತಿನ ನಾಟಕವಾಡುವ ರಾಜಪರವಾನಗಿ ಲಂಡನ್ನಿನ ಎರಡೇ ರಂಗಮಂದಿರಗಳಿಗಿದ್ದು, ಇನ್ನೊಂದಾದ ಡ್ರೂರಿ ಲೇನ್ 1809ರ ಫೆಬ್ರವರಿಯಲ್ಲಿ ಸುಟ್ಟುಹೋಗಿದ್ದುದರಿಂದ, ಪ್ರೇಕ್ಷಕರಿಗೆ ಬೇರೆ ದಾರಿಯೇ ಇರಲಿಲ್ಲ. ಕೆಂಬಲ್ ಮುಷ್ಟಿಕಾಳಗದ ಜಟ್ಟಿಗಳನ್ನು ಕರೆಸಿದಾಗ ರೊಚ್ಚು ಇಮ್ಮಡಿಯಾಯಿತು. ಕೊನೆಗೆ ಡಿಸೆಂಬರಿನಲ್ಲಿ ಅವನು ಕ್ಷಮೆ ಕೋರಿ, ಪಿಟ್ಟಿನ ಹಳೆಯ ದರವನ್ನು ಮರಳಿಸಿ, ಖಾಸಗಿ ಬಾಕ್ಸುಗಳನ್ನು ಕಡಿಮೆ ಮಾಡಲು ಒಪ್ಪಿದನು; ಬಾಕ್ಸಿನ 7 ಶಿಲ್ಲಿಂಗ್ ಮಾತ್ರ ಹಾಗೆಯೇ ಉಳಿಯಿತು.