ಭದ್ರಾವತಿಯ ಕಟ್ಟಿಗೆ ಭಟ್ಟಿ

ಭದ್ರಾವತಿಯ ಕಾರ್ಖಾನೆ ಇಂದು ಕಬ್ಬಿಣ ಮತ್ತು ಉಕ್ಕಿಗೆ ಹೆಸರಾಗಿದ್ದರೂ, ಅದರ ಆರಂಭದ ಲೆಕ್ಕಾಚಾರವೆಲ್ಲ ನಿಂತಿದ್ದುದು ಮಲೆನಾಡಿನ ಕಟ್ಟಿಗೆಯ ಮೇಲೆ. ಮೈಸೂರು ಸಂಸ್ಥಾನದ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಆದರೆ ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಸಂಸ್ಥಾನದಲ್ಲಿ ಇರಲಿಲ್ಲ. ಆದುದರಿಂದ ಊದುಕುಲುಮೆಗೆ ಇದ್ದಿಲನ್ನೇ ಇಂಧನವಾಗಿಸುವುದು ಅನಿವಾರ್ಯವಾಯಿತು.

ಇದ್ದಿಲು ಸುಡುವ ಕಸುಬು ನಾಡಿಗೆ ಹೊಸದಲ್ಲ. ಆದರೆ ಮಣ್ಣು ಮುಚ್ಚಿದ ಗೂಡಿನಲ್ಲಿ ಕಟ್ಟಿಗೆ ಬೆಂದಾಗ ಏಳುವ ಆವಿಯೆಲ್ಲ ಗಾಳಿಗೆ ಹೋಗುತ್ತಿತ್ತು. ಭದ್ರಾವತಿಯಲ್ಲಿ ಕಟ್ಟಿಗೆಯನ್ನು ರಿಟಾರ್ಟ್ ಎಂಬ ಮುಚ್ಚಿದ ಪಾತ್ರೆಯಲ್ಲಿ ಗಾಳಿ ಸೋಕದಂತೆ ಕಾಯಿಸಿ, ಆ ಆವಿಯನ್ನು ತಣಿಸಿ ಹಿಡಿಯುವ ಶುಷ್ಕ ಭಟ್ಟಿ ಇಳಿಸುವಿಕೆಯನ್ನು ಕೈಗೊಳ್ಳಲಾಯಿತು. ಶಾಖ ಏರಿದಂತೆ ಮೊದಲು ನೀರು ಹೊರಡುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಟ್ಟಿಗೆಯ ಘಟಕಗಳಲ್ಲಿ ಹೆಮಿಸೆಲ್ಯುಲೋಸ್ ಮೊದಲು, ಸೆಲ್ಯುಲೋಸ್ ನಂತರ ಒಡೆಯುತ್ತವೆ, ನಾರುಗಳನ್ನು ಬಂಧಿಸಿ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ನಿಧಾನವಾಗಿ ಹೆಚ್ಚಿನ ಶಾಖದವರೆಗೂ ಒಡೆಯುತ್ತಾ ಹೋಗುತ್ತದೆ. ಹೆಮಿಸೆಲ್ಯುಲೋಸ್‌ನಿಂದ ಮುಖ್ಯವಾಗಿ ಅಸಿಟಿಕ್ ಆಮ್ಲವೂ, ಲಿಗ್ನಿನ್‌ನಿಂದ ಮೆಥನಾಲ್ ಎಂಬ ಮರದ ಮದ್ಯಸಾರವೂ ದೊರೆಯುತ್ತವೆ. ಆಮ್ಲಕ್ಕೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್ ಸಿದ್ಧವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ಸಿಡಿಮದ್ದಿಗೆ ಬೇಕಾದ ಅಸಿಟೋನನ್ನು ಮುಖ್ಯವಾಗಿ ಈ ಅಸಿಟೇಟಿನಿಂದ ತೆಗೆಯುತ್ತಿದ್ದುದರಿಂದ ಅದರ ಬೇಡಿಕೆ ಜಗತ್ತಿನಾದ್ಯಂತ ಏರಿತ್ತು. ಆ ಕಾಲದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಭಾರತದ ಕಟ್ಟಿಗೆಗಳನ್ನು ಭಟ್ಟಿ ಇಳಿಸಿ, ಯಾವುದರಿಂದ ಎಷ್ಟು ಇದ್ದಿಲು, ಆಮ್ಲ, ಟಾರು ಸಿಗುತ್ತದೆಂದು ಅಳೆದರು. ಕಾಡಿನ ಮರಕ್ಕೆ ರಾಸಾಯನಿಕ ವಿಶ್ಲೇಷಣೆಯ ಅಳತೆಗೋಲನ್ನು ಹಿಡಿದ ಈ ಕೆಲಸಕ್ಕೆ ಕೈಗಾರಿಕಾ ಇತಿಹಾಸದಲ್ಲಿ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕು.

ಕುಲುಮೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಇದ್ದಿಲಿನಲ್ಲಿ ಗಂಧಕ ಅತ್ಯಲ್ಪವಾದುದರಿಂದ ಬೀಡುಕಬ್ಬಿಣದ ಗುಣಮಟ್ಟಕ್ಕೆ ಅದು ಅನುಕೂಲವಾಗಿತ್ತು. ಆದರೆ ಅದೇ ವರ್ಷ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್ಎಫ್ ಕಂಪನಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದಿಂದ ಮೆಥನಾಲನ್ನು ಸಂಶ್ಲೇಷಿಸತೊಡಗಿ, ಕಟ್ಟಿಗೆಯಿಂದ ಬರುವ ಮೆಥನಾಲಿನ ಮಾರುಕಟ್ಟೆಯನ್ನೇ ಕ್ರಮೇಣ ಕುಗ್ಗಿಸಿತು. ಉಪೋತ್ಪನ್ನಗಳ ವರಮಾನವನ್ನು ನೆಚ್ಚಿದ ಯೋಜನೆಗೆ ಇದು ಭಾರೀ ಪೆಟ್ಟು. ಯುದ್ಧಾನಂತರ ಕಬ್ಬಿಣದ ಬೆಲೆಯೂ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು 1929ರವರೆಗೆ ಕಾರ್ಖಾನೆಯನ್ನು ನಡೆಸಿದರು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಅವುಗಳಲ್ಲಿ ಶಾಖವನ್ನು ವಿದ್ಯುತ್ತು ಒದಗಿಸಿತು, ಅದಿರಿನ ಆಮ್ಲಜನಕವನ್ನು ಕಳೆಯುವುದಕ್ಕೆ ಮಾತ್ರ ಇಂಗಾಲ ಬೇಕಾಯಿತು.