ಮುಂಗಾರು ಮೋಡದ ಮೇಲಿನ ಮಬ್ಬು

1883ರ ಆಗಸ್ಟ್ ಕೊನೆಯಲ್ಲಿ ಸುಂದಾ ಜಲಸಂಧಿಯ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು, ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಮದ್ರಾಸು ಮತ್ತು ಸಿಂಹಳದಲ್ಲಿ ಸೂರ್ಯ ಹಸಿರಾಗಿ ಕಂಡಾಗ, ಮಳೆಮೋಡಗಳಿಗಿಂತ ಬಹು ಎತ್ತರದಲ್ಲಿ ಕಣಗಳು ತಿಂಗಳುಗಟ್ಟಲೆ ತೇಲಬಲ್ಲವೆಂಬ ವಿಚಾರಕ್ಕೆ ಬಲ ಬಂತು. ಮುಂದೆ ಸಮೋಷ್ಣ ಮಂಡಲವೆಂದು ಹೆಸರಾದ ಈ ಸ್ತರ ಉಷ್ಣವಲಯದಲ್ಲಿ ಸುಮಾರು 17 ಕಿ.ಮೀ. ಎತ್ತರದಿಂದ ಆರಂಭವಾಗುತ್ತದೆ, ಕಣಗಳನ್ನು ತೊಳೆದುಹಾಕುವ ಮಳೆ ಅಲ್ಲಿಲ್ಲ. ಗಾಳಿಯಲ್ಲಿ ತೇಲುವ ಇಂಥ ಸೂಕ್ಷ್ಮ ಘನ ಅಥವಾ ದ್ರವ ಕಣಗಳನ್ನು ಏರೋಸಾಲ್ ಎನ್ನುತ್ತಾರೆ. ಅಲ್ಲಿ ಗಂಧಕದ ಸಂಯುಕ್ತಗಳಿಂದಾದ ಕಣಗಳ ಪದರವೊಂದು ಇದೆಯೆಂಬುದನ್ನು ಕ್ರಿಶ್ಚಿಯನ್ ಯುಂಗೆ ಮತ್ತು ಸಂಗಡಿಗರು 1960ರ ಸುಮಾರಿಗೆ ಬಲೂನುಗಳ ನೆರವಿನಿಂದ ತೋರಿಸಿಕೊಟ್ಟರು.

ನೆಲದಿಂದಲೇ ಅಳೆಯುವ ಉಪಾಯ ಲೈಡಾರ್. ಲೇಸರ್ ಮಿಡಿತವನ್ನು ನೆಟ್ಟಗೆ ಮೇಲಕ್ಕೆ ಬಿಟ್ಟು, ಕಣಗಳಿಗೆ ತಾಗಿ ಹಿಂದಿರುಗುವ ಬೆಳಕಿಗೆ ಹಿಡಿದ ಸಮಯದಿಂದ ಎತ್ತರವನ್ನು ಲೆಕ್ಕಹಾಕುತ್ತಾರೆ: 18 ಕಿ.ಮೀ. ಎತ್ತರದಿಂದ ಬರುವ ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 120 ಭಾಗ ಸಾಕು. ಶುದ್ಧ ಗಾಳಿಯ ಅಣುಗಳಷ್ಟೇ ಚದುರಿಸಬಹುದಾದ ಬೆಳಕಿಗಿಂತ ಹೆಚ್ಚಿಗೆ ಬಂದದ್ದು ಕಣಗಳ ಪಾಲು. ತಿರುಪತಿಗೆ ಸಮೀಪದ ಗಾದಂಕಿಯಲ್ಲಿ 1998ರಿಂದ ಇಂಥ ಉಪಕರಣ ಕೆಲಸಮಾಡಿದೆ.

ಆದರೆ ಋತುಮಾನದ ಏರಿಳಿತವನ್ನು ಗುರುತಿಸಲು ಎರಡು ಅಡ್ಡಿಗಳಿದ್ದವು. 1982ರ ಎಲ್ ಚಿಚೋನ್ ಮತ್ತು 1991ರ ಪಿನಾಟುಬೊ ಸ್ಫೋಟಗಳು ಎಷ್ಟು ಗಂಧಕವನ್ನು ಮೇಲಕ್ಕೆ ಚೆಲ್ಲಿದವೆಂದರೆ, ವರ್ಷವರ್ಷವೂ ಮರುಕಳಿಸುವ ಸಣ್ಣ ಬದಲಾವಣೆ ಅವುಗಳಡಿ ಮುಚ್ಚಿಹೋಯಿತು. ಎರಡನೆಯದು ಇನ್ನೂ ಕಠಿಣವಾದದ್ದು, ಸ್ವಲ್ಪ ವಿಪರ್ಯಾಸದ್ದೂ ಹೌದು: ಮುಂಗಾರಿನ ಗುಡುಗುಮೋಡಗಳೇ ನೆಲದ ಹೊಗೆ, ಅನಿಲಗಳನ್ನು ಮೇಲೆತ್ತುತ್ತವೆ, ಲೇಸರ್ ಕಿರಣವನ್ನು ತಡೆಯುವುದೂ ಅವೇ. ನೋಡಲೇಬೇಕಾದ ತಿಂಗಳುಗಳಲ್ಲಿ ನೆಲದ ಲೈಡಾರ್ ಬಹುಮಟ್ಟಿಗೆ ಕುರುಡು.

2006ರಲ್ಲಿ ಹಾರಿದ ಕ್ಯಾಲಿಪ್ಸೊ ಉಪಗ್ರಹ ಮೇಲಿನಿಂದ ಕೆಳಕ್ಕೆ ಲೇಸರ್ ಬಿಟ್ಟದ್ದರಿಂದ ಈ ತೊಡಕು ನೀಗಿತು. ಮೋಡದ ಹರಳುಗಳನ್ನು ಎಚ್ಚರದಿಂದ ಬೇರ್ಪಡಿಸಿದ ಬಳಿಕ, ಜೂನ್‌ನಿಂದ ಆಗಸ್ಟ್‌ವರೆಗೆ ಏಷ್ಯಾದ ಮೇಲೆ 13ರಿಂದ 18 ಕಿ.ಮೀ. ನಡುವೆ ಹರಡುವ ಮಬ್ಬೊಂದನ್ನು 2011ರಲ್ಲಿ ವರದಿ ಮಾಡಲಾಯಿತು. ಇಸ್ರೋ ಮತ್ತು ನಾಸಾ 2014ರಿಂದ ಹೈದರಾಬಾದು, ಗಾದಂಕಿಗಳಿಂದ ಬಲೂನುಗಳನ್ನು ಹಾರಿಸಿ ಈ ಮಬ್ಬಿನೊಳಗೇ ಅಳತೆ ನಡೆಸಿದವು. ಅದರಲ್ಲಿ ಅಮೋನಿಯಂ ನೈಟ್ರೇಟ್ ಗಣನೀಯ ಪ್ರಮಾಣದಲ್ಲಿದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕೆ ಬೇಕಾದ ಅಮೋನಿಯಾದ ದೊಡ್ಡ ಮೂಲಗಳು ಗೊಬ್ಬರ ಹಾಕಿದ ಹೊಲಗಳು ಮತ್ತು ಜಾನುವಾರುಗಳು. ಜ್ವಾಲಾಮುಖಿಯ ಗಂಧಕವನ್ನಷ್ಟೇ ಹಿಡಿದು ಕಟ್ಟಿದ ಲೆಕ್ಕ ಮುಂಗಾರಿನ ಆಕಾಶಕ್ಕೆ ಸಾಲದು.